ಸೀಟಿಗೆ ಅಂಟುವಾಳದ ಸ್ನಾನ

"ಏನೋ, ಸೀಟಿಗೆ ತಲೆಸ್ನಾನ ಮಾಡಿಸ್ತಿದ್ದೀಯಾ? ಹಾಗೇ ಸಾಂಬ್ರಾಣಿ ಹೊಗೆನೂ ಹಾಕ್ಬಿಡು" ಅಂತ ಕುಶನ್ ಮೇಷ್ಟ್ರು ನಕ್ಕಿದ್ದು ಹೋದ ವರ್ಷದ ಫೆಬ್ರವರಿಯಲ್ಲಿ. ಚಿಕ್ಕಮಗಳೂರಿನ ಕೆ.ಎಂ. ರಸ್ತೆ ಪಕ್ಕದ ನನ್ನ ಶೆಡ್ಡಿನಲ್ಲಿ ಹಳೇ ಹೋಂಡಾ ಅಕಾರ್ಡ್ ಕಾರೊಂದರ ಡ್ರೈವರ್ ಸೀಟು ಬಿಚ್ಚಿಟ್ಟುಕೊಂಡು ನೊರೆ ಹಚ್ಚುತ್ತಾ ಕೂತಿದ್ದೆ. ನನಗೆ ಸೀಟಿನ ಹೊಲಿಗೆ ಕಲಿಸಿದವರು ಅವರೇ, ಎದುರು ಮಾತಾಡಲಿಲ್ಲ. ಮಳೆಗಾಲ ಕಳೆದ ಮೇಲೆ ಅವರೇ ಬಂದು ಆ ಸೀಟಿನ ಮೇಲೆ ಎರಡು ಸಲ ಕೈಯಾಡಿಸಿ ಸುಮ್ಮನೆ ಎದ್ದು ಹೋದರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾರು ಮೂಡಿಗೆರೆ ಕಡೆಯ ಗೌಡ್ರದ್ದು. 2009ರದ್ದು, ಕೆನೆ ಬಣ್ಣದ ಲೆದರ್. ಜೂನ್ ಬಂತೆಂದರೆ ಅದು ತೋಟದ ಶೆಡ್ ಸೇರುತ್ತದೆ, ಓಡಾಟಕ್ಕೆಲ್ಲ ಜೀಪು. ದಸರಾ ಹೊತ್ತಿಗೆ ಬಾಗಿಲು ತೆಗೆದರೆ ಸೀಟಿನ ತುಂಬ ಬೂದು-ಹಸಿರು ಬೂಷ್ಟು, ಒದ್ದೆ ಗೋಣಿಚೀಲದ ವಾಸನೆ. ಡ್ರೈವರ್ ಹತ್ತಿ ಇಳಿಯುವ ಬಲಗಡೆಯ ಏಣು ಒಣಗಿದ ಕೆರೆಯಂತೆ ಬಿರುಕು ಬಿಟ್ಟಿತ್ತು. ಬೆಂಗಳೂರಿನಲ್ಲಿ ಹೊಸ ಲೆದರ್ ಹೊದಿಸಲು ಅರವತ್ತು ಸಾವಿರದ ಮೇಲೆ ಕೇಳಿದರಂತೆ. ಮೇಷ್ಟ್ರ ಸಲಹೆ ಒಂದೇ: ರೆಕ್ಸಿನ್ ಹಾಕಿ, ಹದಿನಾಲ್ಕು ಸಾವಿರದಲ್ಲಿ ಮುಗಿಯುತ್ತೆ. ಗೌಡ್ರು ಒಪ್ಪಲಿಲ್ಲ. "ನಮ್ಮಪ್ಪ ಕೊನೇಲಿ ಓಡಾಡಿದ ಕಾರು ಕಣಯ್ಯ, ಇದ್ದಿದ್ದನ್ನೇ ಉಳಿಸು" ಅಂದರು.

ಇದಕ್ಕೆ ಮುಂಚೆ ನಾನು ಕೆಡಿಸಿದ ಸೀಟುಗಳ ಲೆಕ್ಕ ಹೇಳಿಬಿಡುತ್ತೇನೆ. ಮೊದಲನೆಯದು ಕೊಬ್ಬರಿ ಎಣ್ಣೆ. ಹಚ್ಚಿದ ದಿನ ಸೀಟು ಮದುಮಗಳ ಹಾಗೆ ಹೊಳೆಯಿತು. ವಾರದಲ್ಲಿ ಗಿರಾಕಿಯ ಬಿಳಿ ಪಂಚೆ ಹಿಂದೆ ಹಳದಿ ಕಲೆ, ಜುಲೈನಲ್ಲಿ ಎಣ್ಣೆ ಕಮಟು ವಾಸನೆ, ಅದರ ಮೇಲೆ ದುಪ್ಪಟ್ಟು ಬೂಷ್ಟು. ಎರಡನೆಯದು ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕಾನ್ ಸ್ಪ್ರೇ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕೂತವರು ಈ ಬಾಗಿಲಿಂದ ಆ ಬಾಗಿಲಿಗೆ ಜಾರುತ್ತಾರೆ. ಅದಕ್ಕಿಂತ ದೊಡ್ಡ ರಗಳೆ ಏನೆಂದರೆ, ಆಮೇಲೆ ಬಣ್ಣ ಹಾಕಿದರೆ ಕಚ್ಚುವುದಿಲ್ಲ, ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಮೂರನೆಯದು ಆ ಬಿಳಿ ಮ್ಯಾಜಿಕ್ ಸ್ಪಂಜು. ಕೊಳೆ ಹೋಗುತ್ತಿದೆ ಅಂತ ಖುಷಿಯಲ್ಲಿ ಉಜ್ಜಿದೆ, ಹೋಗುತ್ತಿದ್ದದ್ದು ಬಣ್ಣ. ಅದು ಸಣ್ಣ ಮರಳುಕಾಗದವೇ ಅಂತ ತಿಳಿಯುವಷ್ಟರಲ್ಲಿ ಕೈಯಿಂದ ಮೂರೂವರೆ ಸಾವಿರ ಹೋಗಿತ್ತು.

ಅಂಟುವಾಳ ಹೊಳೆದದ್ದು ಅಮ್ಮ ರೇಷ್ಮೆ ಸೀರೆ ಒಗೆಯುವಾಗ. ಅವಳು ರೇಷ್ಮೆಗೆ, ಬಂಗಾರದ ಸರಕ್ಕೆ ಸೋಪು ಮುಟ್ಟಿಸುವುದಿಲ್ಲ. ಗೌಡ್ರ ಹತ್ತಿರ ಮಣ್ಣಿನ ಹುಳಿ ನೋಡುವ ಪಿಎಚ್ ಪಟ್ಟಿ ಇತ್ತು, ನಾಲ್ಕು ಇಸಕೊಂಡು ಬಂದೆ. ಮೈಸೋಪಿನ ನೀರು ಒಂಬತ್ತು ಹತ್ತು ತೋರಿಸಿತು, ಅಂಟುವಾಳದ್ದು ನಾಲ್ಕು ಐದರ ಮಧ್ಯೆ. ಏಳಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಲೆದರ್ ಕೂಡ ಹುಳಿ ಕಡೆಯದ್ದೇ. ಎರಡಕ್ಕೂ ಜಗಳವಿಲ್ಲ ಅಂತ ಅವತ್ತೇ ಅನ್ನಿಸಿತು.

ಎಂಟು ಹತ್ತು ಕಾಯಿ, ಬೀಜ ತೆಗೆದು, ಅರ್ಧ ಲೀಟರ್ ಬೆಚ್ಚನೆ ನೀರಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಕಿವುಚಿ ಪಂಚೆ ಬಟ್ಟೆಯಲ್ಲಿ ಸೋಸುವುದು. ಇಲ್ಲೇ ಮೊದಲ ಸಲ ಎಡವಿದೆ. ಆ ನೀರನ್ನೇ ಸೀಟಿಗೆ ಹಾಕಿದೆ. ನೀರು ಕಂದು, ಸೀಟು ಕೆನೆ. ಹೊಲಿಗೆ ದಾರವೆಲ್ಲ ಚಹಾ ಬಣ್ಣಕ್ಕೆ ತಿರುಗಿತು, ಈಗಲೂ ಹಿಂದಿನ ಸೀಟಿನ ಒಂದು ಗೆರೆಯಲ್ಲಿ ಕಾಣುತ್ತದೆ. ನೀರು ಬೇಡ, ನೊರೆ ಮಾತ್ರ ಸಾಕು. ಬಾಟಲಿಯಲ್ಲಿ ಕುಲುಕಿ, ಮೇಲೆ ನಿಂತ ಬಿಳಿ ನೊರೆಯನ್ನು ಶೂ ಪಾಲಿಶಿನ ಕುದುರೆಕೂದಲ ಬ್ರಷ್ಷಿನಲ್ಲಿ ಎತ್ತಿಕೊಳ್ಳಬೇಕು. ಎರಡು ದಿನಕ್ಕೆ ನೀರು ಹುಳಿತು ನಾರುತ್ತದೆ, ಚೆಲ್ಲಿಬಿಡಿ.

ನೊರೆಗೆ ಮುಂಚೆ ಬೂಷ್ಟು ತೆಗೆಯಬೇಕು. ಕಾರನ್ನು ಹೊರಗೆ ತಂದು, ಮೂಗಿಗೆ ಮಾಸ್ಕ್ ಹಾಕಿ, ಒಣಬಟ್ಟೆಯಲ್ಲಿ ಎತ್ತಿ, ಆಮೇಲೆ ಎಪ್ಪತ್ತು ಪರ್ಸೆಂಟಿನ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಟ್ಟೆಗೆ ಹಾಕಿ ಹಗುರವಾಗಿ ಒಂದೇ ಸಲ ಒರೆಸಿದೆ. ತಿಕ್ಕಿದರೆ ಬಣ್ಣ ಎದ್ದು ಬರುತ್ತದೆ, ಮೂಲೆಯಲ್ಲಿ ಪರೀಕ್ಷೆ ಮಾಡದೆ ಕೈ ಹಾಕಬೇಡಿ.

ಅಂಗೈ ಅಗಲದ ಜಾಗ, ನೊರೆ, ಬ್ರಷ್ಷು ಗುಂಡಗೆ ನಾಲ್ಕು ಸುತ್ತು, ಹಿಂಡಿದ ಮೈಕ್ರೋಫೈಬರ್, ಹಿಂದೆಯೇ ಒಣಬಟ್ಟೆ. ಡ್ರೈವರ್ ಸೀಟಿಗೇ ನಾಲ್ಕು ಸಲ ಆಯಿತು. ಮೊದಲ ಬಟ್ಟೆ ಹಿಂಡಿದಾಗ ಬಕೆಟಿಗೆ ಬಿದ್ದದ್ದು ಸಾಕ್ಷಾತ್ ಡಿಕಾಕ್ಷನ್. ಹದಿನೈದು ವರ್ಷದ ಬೆವರು, ಎಣ್ಣೆ, ತೋಟದ ಮಣ್ಣು. ಕಪ್ಪು ಹಿಡಿದಿದ್ದ ಸುಕ್ಕುಗಳ ಒಳಗಿಂದ ಕೆನೆ ಬಣ್ಣ ಎದ್ದಾಗ ಹುಡುಗನನ್ನು ಕೂಗಿ ತೋರಿಸಿದೆ. ಅವನು "ಅಣ್ಣಾ, ಬೇರೆ ಸೀಟಾ ಇದು?" ಅಂದ. ಅಂದಹಾಗೆ ಬದಿ ಮತ್ತು ಬೆನ್ನಿನ ಹಿಂಭಾಗ ಲೆದರ್ ಅಲ್ಲ, ರೆಕ್ಸಿನ್. ಕಂಪನಿಯ ಲೆದರ್ ಸೀಟೆಂದರೆ ಬಹುಪಾಲು ಕೂರುವ ಮುಖ ಮಾತ್ರ. ಹಿಂಭಾಗಕ್ಕೆ ಯಾಕೆ ಶ್ರಮ ಅಂತ ಬಿಟ್ಟೆ. ಅದು ತಪ್ಪಾಯಿತು, ಮುಂದೆ ಹೇಳುತ್ತೇನೆ.

ಒಣಗಿಸೋಕೆ ಗೌಡ್ರು "ಕಾಫಿ ಕಣದಲ್ಲಿ ಹರವಿಬಿಡು" ಅಂದರು. ಬಿಸಿಲಿಗೆ ಹಾಕಿದರೆ ಹಪ್ಪಳ. ಎರಡು ದಿನ ನೆರಳು, ಟೇಬಲ್ ಫ್ಯಾನು.

ಆಮೇಲೆ ನೀರಿನ ಹನಿ ಬಿಟ್ಟು ನೋಡಿದೆ. ಮೇಲಿನ ಕೋಟು ಗಟ್ಟಿ ಇದ್ದ ಕಡೆ ಕೆಸುವಿನೆಲೆ ಮೇಲೆ ನಿಂತ ಹಾಗೆ ನಿಂತಿತು, ಬಿರುಕಿದ್ದ ಕಡೆ ಇಂಗಿ ಕಪ್ಪಾಯಿತು. ಇಂಗಿದ ಕಡೆ ಕಂಡೀಷನರ್ ಎಷ್ಟು ಸುರಿದರೂ ಬಿರುಕು ಕೂಡುವುದಿಲ್ಲ. ಬಿರುಕು ತುಂಬುವ ಫಿಲ್ಲರನ್ನು ತೆಳ್ಳಗೆ ಐದಾರು ಸಲ ಎಳೆದು, ಆರುನೂರರ ನಯ ಮರಳುಕಾಗದದಲ್ಲಿ ಉಜ್ಜಿ, ಐಪಿಎಯಲ್ಲಿ ಜಿಡ್ಡು ತೆಗೆದು, ಬಣ್ಣವನ್ನು ಸ್ಪಂಜಿನಲ್ಲಿ ತಟ್ಟಿದೆ, ಮೇಲೆ ಬಣ್ಣ ಕಾಯುವ, ಹೊಳಪಿಲ್ಲದ ಮ್ಯಾಟ್ ಕೋಟು. ಕೆನೆಗೆ ಬಿಳಿ, ಹಳದಿ ಎಲ್ಲರೂ ಸೇರಿಸುತ್ತಾರೆ. ಹಳೇ ಸೀಟಿನ ಮಂಕು ತರಲು ನಾನು ಬಿಡುವ ಮೂರನೇ ಹನಿ ಯಾವುದು ಅಂತ ಮಾತ್ರ ಹೇಳಲ್ಲ, ಅದು ಹೊಟ್ಟೆಪಾಡು.

ಬಣ್ಣ ಪೂರ್ತಿ ಗಟ್ಟಿಯಾಗಲಿ ಅಂತ ವಾರ ಬಿಟ್ಟು ಕಂಡೀಷನರ್. ಜಿಡ್ಡಿಲ್ಲದ, ನೀರಿನ ಬೇಸಿನ ಹಾಲಿನಂಥದ್ದು. ಅದು ಮೇಲಿನ ಕೋಟು ದಾಟಿ ಒಳಗೆ ಹೋಗೋದು ಕಮ್ಮಿ, ಕೋಟು ಸವೆಯದ ಹಾಗೆ ಕಾಯುತ್ತದೆ ಅಷ್ಟೇ. ಇಡೀ ಸೀಟಿಗೆ ಎರಡು ಚಮಚ ಸಾಕು, ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿದೆ. ತೂತಿನ ಲೆದರಾದರೆ ಬಟ್ಟೆಗೆ ಹಚ್ಚಿ ಒರೆಸಿ, ಇಲ್ಲದಿದ್ದರೆ ಒಂದೊಂದು ತೂತಿನಿಂದ ಗುಂಡುಸೂಜಿಯಲ್ಲಿ ಕೆದಕುತ್ತಾ ಕೂರಬೇಕು.

ಮಧ್ಯೆ ಒಂದು ಹುಚ್ಚಾಟವೂ ನಡೆಯಿತು. ವಾಸನೆಗೆ ಅಂತ ಕಾಫಿಪುಡಿಯನ್ನು ಬಟ್ಟೆಗಂಟಲ್ಲಿ ಕಟ್ಟಿ ಸೀಟಿನಡಿ ಇಟ್ಟೆ. ಮೂರು ವಾರ ಘಮಘಮ, ಆಮೇಲೆ ತೇವ ಕುಡಿದು ಪುಡಿಗೇ ಬೂಷ್ಟು ಬಂತು. ಸುಣ್ಣದ ಡಬ್ಬಿ ಇಡಿ ಅಂತ ಯಾರೋ ಅಂದರು. ಚರ್ಮದ ಕೂದಲು ಉದುರಿಸೋಕೆ ಸುಣ್ಣ ಬಳಸುತ್ತಾರೆ, ಅದು ಸೀಟಿನ ಮೇಲೆ ಮಗುಚಿದರೆ ನನ್ನ ಗತಿ? ತೇವ ಹೀರುವ ಸಿಲಿಕಾ ಜೆಲ್ ಮಣಿಗಳನ್ನು ತಂದೆ, ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಹೆಂಡತಿ ಆ ಬಾಣಲೆಯನ್ನು ಮತ್ತೆ ಅಡುಗೆಮನೆಗೆ ಬಿಟ್ಟುಕೊಂಡಿಲ್ಲ.

ಖರ್ಚು? ಅಂಟುವಾಳ ನೂರು ರೂಪಾಯಿ ಚಿಲ್ಲರೆ, ಫಿಲ್ಲರ್, ಬಣ್ಣ, ಕೋಟು ಎಲ್ಲ ಸೇರಿ ಮೂರು ಸಾವಿರದ ಆಸುಪಾಸು, ಕಂಡೀಷನರ್ ಒಂಬೈನೂರೋ ಏನೋ. ಕೂಲಿ ಸೇರಿ ಹನ್ನೊಂದು ಸಾವಿರ ತಗೊಂಡೆ. ಒಂಬತ್ತು ದಿನ ಮೈ ಮುರಿದದ್ದಕ್ಕೆ ಕಮ್ಮಿಯೇ.

ಮಳೆ ನಿಂತ ಮೇಲೆ ಗೌಡ್ರ ಶೆಡ್ಡಿಗೆ ನಾನೇ ಹೋಗಿ ಬಾಗಿಲು ತೆಗೆದೆ. ಕೂರುವ ಮುಖದ ಮೇಲೆ ಒಂದು ಚುಕ್ಕಿ ಇಲ್ಲ. ಸೀಟಿನ ಬೆನ್ನಿಗೆ, ನಾನು ತೊಳೆಯದೆ ಬಿಟ್ಟ ರೆಕ್ಸಿನ್ ಮೇಲೆ, ಅಂಗೈ ಅಗಲ ಬೂಷ್ಟು ಕೂತಿತ್ತು. ಬಲ ಏಣಿನಲ್ಲಿ ಒಂದು ಬೆರಳುದ್ದ ಬಿರುಕು ಮತ್ತೆ ಬಾಯಿ ಬಿಟ್ಟಿದೆ. ಥಂಡಿಯಲ್ಲಿ ಫಿಲ್ಲರ್ ಸರಿಯಾಗಿ ಒಣಗಲ್ಲ, ಕಾಫಿ ಕೊಯ್ಲು ಮುಗಿಯಲಿ, ಕಾರು ತಂದುಬಿಡಿ ಅಂತ ಗೌಡ್ರಿಗೆ ಹೇಳಿ ಬಂದಿದ್ದೇನೆ.