ಹೊರದೇಶದಲ್ಲಿ ನಾಯಿ ದತ್ತು: ಮೊದಲು ಕಾಗದ, ಆಮೇಲೆ ನಾಯಿ

ಅನಾಥ ನಾಯಿಗಳ ಶೆಲ್ಟರ್‌ನವರು ಹಾಕಿದ ಫೋಟೋಗೆ ಮನಸೋತ ಮೇಲೆ ಬಾಡಿಗೆ ಕರಾರು ಹುಡುಕುವವರೇ ಜಾಸ್ತಿ. ಕರಾರು ಮೊದಲು ತೆಗೆಯಿರಿ. ಅದರಲ್ಲಿ ಸಾಕುಪ್ರಾಣಿಯ ಮಾತೇ ಇಲ್ಲ ಅಂದರೆ ಒಪ್ಪಿಗೆ ಇದೆ ಎಂದುಕೊಳ್ಳಬೇಡಿ. ನಾಯಿಯ ತಳಿ, ಅಂದಾಜು ತೂಕ ಬರೆದು ಮನೆ ಮಾಲೀಕರಿಂದ ಇಮೇಲ್‌ನಲ್ಲೇ ಒಪ್ಪಿಗೆ ಪಡೆಯಿರಿ. ‘ಪರವಾಗಿಲ್ಲ, ಇಟ್ಕೊಳ್ಳಿ’ ಎಂಬ ಬಾಯಿಮಾತು ಮನೆ ಬೇರೆಯವರ ಕೈಗೆ ಹೋದ ದಿನ ಲೆಕ್ಕಕ್ಕೆ ಬರುವುದಿಲ್ಲ.

ತಳಿಯ ಕಾನೂನು ಒಂದೊಂದು ಕಡೆ ಒಂದೊಂದು ಥರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಎಕ್ಸ್‌ಎಲ್ ಬುಲ್ಲಿ ಎಂಬ ದೊಡ್ಡ ಗಾತ್ರದ ನಾಯಿ ಸಾಕುವುದು ಅಪರಾಧ. ಜರ್ಮನಿಯಲ್ಲಿ ನಿರ್ಬಂಧಿತ ತಳಿಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಊರಾಡಳಿತಕ್ಕೆ ನಾಯಿ ತೆರಿಗೆ ಬೇರೆ ಕಟ್ಟಬೇಕು, ಕೆಲವು ರಾಜ್ಯಗಳಲ್ಲಿ ನಾಯಿಯಿಂದಾಗುವ ಹಾನಿಗೆ ವಿಮೆಯೂ ಕಡ್ಡಾಯ.

ಶೆಲ್ಟರ್‌ನವರ ಪ್ರಶ್ನೆಗಳು ಪೊಲೀಸ್ ವಿಚಾರಣೆಯಂತೆ ಕೇಳಿಸಬಹುದು. ದಿನಕ್ಕೆ ಎಷ್ಟು ಗಂಟೆ ನಾಯಿ ಒಂಟಿ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ವೀಸಾ ಮುಗಿದರೆ? ನಮ್ಮಂಥವರ ಅರ್ಜಿ ನಿಲ್ಲುವುದು ಈ ಕೊನೆಯ ಪ್ರಶ್ನೆಯ ಹತ್ತಿರ. ‘ಆಗ ನೋಡೋಣ’ ಎಂಬ ಉತ್ತರ ಬೇಡ. ಜೊತೆಯಲ್ಲೇ ಕರೆದೊಯ್ಯುತ್ತೀರಾ, ಅದಕ್ಕೆ ಹಣ ಎತ್ತಿಟ್ಟಿದ್ದೀರಾ, ಆಗದಿದ್ದರೆ ಯಾರ ಮನೆಗೆ, ಎಲ್ಲವನ್ನೂ ಬರೆದು ಕೊಡಿ. ಸಾಕಲು ಆಗದಿದ್ದರೆ ನಾಯಿಯನ್ನು ವಾಪಸು ಶೆಲ್ಟರ್‌ಗೇ ಒಪ್ಪಿಸಬೇಕು, ಇನ್ನೊಬ್ಬರಿಗೆ ದಾಟಿಸುವಂತಿಲ್ಲ ಎಂಬ ಷರತ್ತು ಬಹಳಷ್ಟು ದತ್ತು ಕರಾರುಗಳಲ್ಲಿ ಇರುತ್ತದೆ. ಸಹಿಗೆ ಮುಂಚೆ ಅದನ್ನು ಓದಿ.

ನಾಯಿಯ ಪರಿಚಯದ ನಾಲ್ಕು ಸಾಲನ್ನು ನಿಧಾನವಾಗಿ ಓದಿ, ಅಲ್ಲಿ ಎಲ್ಲವೂ ಸಭ್ಯ ಭಾಷೆಯಲ್ಲಿರುತ್ತದೆ. ‘ದೊಡ್ಡವರಷ್ಟೇ ಇರುವ ಮನೆಗೆ’ ಅಂದರೆ ಮಕ್ಕಳ ಗಲಾಟೆ ತಡೆಯದು, ಕಚ್ಚಿದ್ದೂ ಇರಬಹುದು. ‘ಅನುಭವಸ್ಥರಿಗೆ’ ಎಂದಿದ್ದರೆ ಮೊದಲ ನಾಯಿಯಾಗಿ ತರಬೇಡಿ. ‘ಜನರ ಜೊತೆಯಲ್ಲಿರಲು ಬಹಳ ಇಷ್ಟ’ ಎಂದಿದ್ದರೆ, ಒಂಟಿಯಾಗಿ ಬಿಟ್ಟಾಗ ಊಳಿಟ್ಟು ಬಾಗಿಲು ಕೆರೆಯುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಅಪಾರ್ಟ್‌ಮೆಂಟಿನವರಿಗೆ ಪಕ್ಕದ ಮನೆಯವರ ದೂರು ಬರುವುದೇ ಈ ಕಾರಣಕ್ಕೆ. ಕೆಲ ದಿನ ಫಾಸ್ಟರ್ ಆಗಿ ಇಟ್ಟುಕೊಂಡು ನೋಡಲು ಬಿಡುವುದಾದರೆ ಒಪ್ಪಿಕೊಳ್ಳಿ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹೊಸ ನಾಯಿ ತಪ್ಪಿಸಿಕೊಳ್ಳುವ ಅಪಾಯ ಮೊದಲ ಎರಡು ವಾರದಲ್ಲಿ ಬಹಳ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ. ಹಿಂದಕ್ಕೆ ಸರಿದು, ತಲೆ ತಗ್ಗಿಸಿ, ಭುಜ ಕುಗ್ಗಿಸಿ, ಎದೆಗೆ ಸುತ್ತಿ ಕಟ್ಟಿದ ಹಾರ್ನೆಸ್‌ನಿಂದ ಜಾರಿಬಿಡುತ್ತದೆ. ನಿಮ್ಮ ಕೈಯಲ್ಲಿ ಖಾಲಿ ಪಟ್ಟಿ ಉಳಿಯುತ್ತದೆ. ಪಕ್ಕೆಲುಬಿನ ಹಿಂದೆ ಇನ್ನೊಂದು ಪಟ್ಟಿ ಬರುವ ಹಾರ್ನೆಸ್ ಕೊಳ್ಳಿ. ಎರಡು ಲೀಶ್ ಇರಲಿ, ಒಂದು ಹಾರ್ನೆಸ್‌ಗೆ, ಇನ್ನೊಂದು ಕಾಲರ್‌ಗೆ. ಕಾಲರ್ ಮತ್ತು ಕತ್ತಿನ ನಡುವೆ ಎರಡು ಬೆರಳು ಹಿಡಿಸಬೇಕು, ಮೂರು ಹಿಡಿಸಿದರೆ ಸಡಿಲ. ಕಾರಿನಿಂದ ಇಳಿಸುವಾಗ ಲೀಶ್ ಕೈಗೆ ಬಂದ ಮೇಲೆಯೇ ಬಾಗಿಲು ಪೂರ್ತಿ ತೆಗೆಯಿರಿ.

ಶೆಲ್ಟರ್‌ನ ಆಹಾರವನ್ನೇ ಕೇಳಿ ತಂದು, ಏಳರಿಂದ ಹತ್ತು ದಿನದಲ್ಲಿ ಕಾಲು ಭಾಗ, ಅರ್ಧ, ಮುಕ್ಕಾಲು ಎಂದು ಬದಲಿಸಿ. ಒಂದೇ ದಿನದಲ್ಲಿ ಬದಲಿಸಿದರೆ ಭೇದಿ ಶುರುವಾಗಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕ್ಸೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಚೂಯಿಂಗ್ ಗಮ್ ನಾಯಿಗೆ ವಿಷ. ಮನೆಗೆ ಬಂದ ನೆಂಟರಿಗೂ ಹೇಳಿಡಿ.

ನಾಯಿಗೆ ಆ ದೇಶದ ಭಾಷೆಯ ಪದಗಳಷ್ಟೇ ಗೊತ್ತಿದ್ದರೆ ಕನ್ನಡ ಕಲಿಸುವುದು ಕಷ್ಟವೇನಲ್ಲ. ಹೊಸ ಪದ ಮೊದಲು, ಒಂದು ಕ್ಷಣ ಬಿಟ್ಟು ಹಳೆಯದು: ‘ಕೂರು’... ‘ಸಿಟ್’. ಕೂತರೆ ತಿಂಡಿ ಚೂರು. ಬರಬರುತ್ತಾ ಹಳೆಯದನ್ನು ಬಿಡಿ. ಆದರೆ ಒಬ್ಬರು ‘ಕೂರು’, ಇನ್ನೊಬ್ಬರು ‘ಕೂತ್ಕೋ’, ಮತ್ತೊಬ್ಬರು ‘ಕೂತ್ಕೊಳ್ಳೋ ಮರಿ’ ಎಂದರೆ ಅದು ಯಾವುದನ್ನು ಕೇಳಬೇಕು?

ನಾಯಿಯ ಚರ್ಮದಡಿ ಹಾಕುವ ಮೈಕ್ರೋಚಿಪ್‌ನಲ್ಲಿ ನಿಮ್ಮ ಫೋನ್ ನಂಬರ್ ಇರುವುದಿಲ್ಲ, ಅಂತರರಾಷ್ಟ್ರೀಯ (ಐಎಸ್‌ಒ) ಮಾದರಿಯ ಚಿಪ್ಪಾದರೆ 15 ಅಂಕಿಯ ಸಂಖ್ಯೆಯಷ್ಟೇ ಇರುತ್ತದೆ. ಆ ಸಂಖ್ಯೆಯ ನೋಂದಣಿ ಶೆಲ್ಟರ್‌ನ ಹೆಸರಲ್ಲೇ ಉಳಿದಿದ್ದರೆ ಸಿಕ್ಕ ನಾಯಿಯ ಸುದ್ದಿ ನಿಮಗೆ ಬರುವುದಿಲ್ಲ. ಮನೆ ಅಥವಾ ನಂಬರ್ ಬದಲಾದಾಗಲೆಲ್ಲ ನೋಂದಣಿಯನ್ನೂ ಬದಲಿಸಿ.

ಭಾರತಕ್ಕೆ ಕರೆದೊಯ್ಯಲು ಪ್ರಾಣಿ ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ ಮೊದಲೇ ಬೇಕು. ಹೋಗುವುದಕ್ಕಿಂತ ಮರಳುವುದು ಹೆಚ್ಚು ಕಷ್ಟ. ಯುರೋಪಿಯನ್ ಒಕ್ಕೂಟಕ್ಕೆ ವಾಪಸಾಗಲು ರೇಬೀಸ್ ಪ್ರತಿಕಾಯದ ರಕ್ತಪರೀಕ್ಷೆ ಬೇಕು. ಲಸಿಕೆ ಹಾಕಿಸಿ ಕನಿಷ್ಠ 30 ದಿನವಾದ ಮೇಲೆ ರಕ್ತ ಕೊಡಬೇಕು, ಪ್ರತಿಕಾಯ ಮಿಲಿಲೀಟರಿಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಘಟಕ) ಇರಬೇಕು. ಹೊರಡುವ ಮುಂಚೆಯೇ ಅಲ್ಲಿ ಪರೀಕ್ಷೆ ಮಾಡಿಸಿ ನಾಯಿಯ ಪಾಸ್‌ಪೋರ್ಟ್‌ನಲ್ಲಿ ಬರೆಸಿಕೊಂಡರೆ ಮರಳಲು ಕಾಯಬೇಕಿಲ್ಲ. ಭಾರತಕ್ಕೆ ಬಂದ ಮೇಲೆ ಮಾಡಿಸಿದರೆ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಮೂರು ವಾರದ ರಜೆಯಾದರೆ ನಾಯಿಯನ್ನು ಅಲ್ಲೇ ಗೊತ್ತಿರುವವರ ಮನೆಯಲ್ಲಿ ಬಿಡಿ. ಅದರ ಹಾಸಿಗೆ, ಆಹಾರ, ವೆಟ್‌ ನಂಬರ್, ಖರ್ಚಿಗೆ ಒಪ್ಪಿಗೆಯ ಚೀಟಿ ಜೊತೆಗಿರಲಿ.