ಗ್ಯಾಸ್ ಕಡಿಮೆಯಾಗಿರಲಿಲ್ಲ

ಮಾರ್ಚ್ ಕೊನೆಯ ವಾರ ಮಲ್ಲೇಶ್ವರದ ಆಡಿಟರ್ ಕಚೇರಿಯೊಂದರಿಂದ ಎ.ಸಿ. ರಿಪೇರಿಗೆ ಕರೆ ಬಂತು. ವರ್ಷಾಂತ್ಯದ ಲೆಕ್ಕ ಮುಗಿಸುವ ಗಡಿಬಿಡಿ. ಒಂದೇ ಕೋಣೆಯಲ್ಲಿ ಒಂಬತ್ತು ಜನ, ಅಷ್ಟೇ ಕಂಪ್ಯೂಟರುಗಳು. ಎರಡು ಟನ್ನಿನ ಸ್ಪ್ಲಿಟ್ ಎ.ಸಿ. ಓಡುತ್ತಿದ್ದರೂ ಎಲ್ಲರೂ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. “ಹದಿನೈದು ದಿನದ ಹಿಂದಷ್ಟೇ ಗ್ಯಾಸ್ ತುಂಬಿಸಿದೆವು. ಮತ್ತೆ ಖಾಲಿಯಾಗಿರಬೇಕು, ಇನ್ನೊಮ್ಮೆ ಹಾಕಿಬಿಡಿ” ಎಂದರು ಆಡಿಟರ್.

ಬೇಸಿಗೆ ಬಂತೆಂದರೆ ಹೋದಲ್ಲೆಲ್ಲ ಈ ಮಾತು ಕೇಳುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಎ.ಸಿ.ಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ. ಕೋಣೆಯ ಶಾಖವನ್ನು ಹೊರಗೆ ಸಾಗಿಸುತ್ತಾ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿದ ಜಾಗ ಹುಡುಕದೆ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊತ್ತಂತೆ.

“ಬೆಳಿಗ್ಗೆ ಹೇಗಿರುತ್ತದೆ?” ಎಂದು ಕೇಳಿದೆ. ಬಾಗಿಲ ಬಳಿ ಕುಳಿತಿದ್ದ ಹುಡುಗಿ ಹೇಳಿದಳು: “ಹನ್ನೊಂದರವರೆಗೆ ಚೆನ್ನಾಗಿರುತ್ತದೆ ಸರ್. ಊಟದ ಹೊತ್ತಿಗೆ ಬರೀ ಗಾಳಿ. ಕಾಲು ಗಂಟೆ ಬಿಟ್ಟು ಮತ್ತೆ ತಂಪಾಗುತ್ತದೆ, ಮತ್ತೆ ಹೋಗುತ್ತದೆ.”

ಅವಳ ಉತ್ತರ ಅರ್ಧ ಕೆಲಸ ಮುಗಿಸಿತು. ಗ್ಯಾಸ್ ಕಡಿಮೆಯಿದ್ದರೆ ಬೆಳಿಗ್ಗೆಯೂ ತಂಪು ಕುಂದಿರುತ್ತದೆ, ಹಲವು ಬಾರಿ ಒಳಗಿನ ಕಾಯಿಲ್ (ಗ್ಯಾಸ್ ಹರಿಯುವ ಕೊಳವೆ, ರೆಕ್ಕೆಗಳ ಜಾಲ) ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಬಿಸಿಲು ಏರಿದಾಗ ಮಾತ್ರ ಸೋಲುತ್ತಿದೆಯೆಂದರೆ ಶಾಖ ಹೊರಗೆ ಹೋಗುತ್ತಿಲ್ಲ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕಾದು, ಓವರ್‌ಲೋಡ್ ಎಂಬ ತನ್ನ ರಕ್ಷಣಾ ಸ್ವಿಚ್‌ನಿಂದ ನಿಲ್ಲುತ್ತಿದೆ, ಆರಿದ ಮೇಲೆ ಮತ್ತೆ ಹೊರಡುತ್ತಿದೆ.

ಆದರೂ ಊಹೆಯ ಮೇಲೆ ಕೈ ಹಾಕಬಾರದೆಂದು ಅಳತೆ ಹಿಡಿದೆ. ಫಿಲ್ಟರ್ ಸ್ವಚ್ಛವಾಗಿತ್ತು. ಒಳಗೆ ಹೋಗುವ ಗಾಳಿ 29 ಡಿಗ್ರಿ, ಹೊರಬರುವುದು 23. ಆರೇ ಡಿಗ್ರಿಯ ವ್ಯತ್ಯಾಸ. ನಮ್ಮ ಊರಿನ ಒಣ ಬೇಸಿಗೆಯಲ್ಲಿ ಹತ್ತು ಹನ್ನೆರಡಾದರೂ ಸಿಗಬೇಕು. ರಿಮೋಟಿನಲ್ಲಿ 16 ಇಟ್ಟಿದ್ದರು. ಇದು ಇನ್ವರ್ಟರ್ ಅಲ್ಲದ ಯಂತ್ರ, 16 ಇಟ್ಟರೂ 24 ಇಟ್ಟರೂ ಕಂಪ್ರೆಸರ್ ಓಡುವ ವೇಗ ಒಂದೇ.

ಔಟ್‌ಡೋರ್ ಯೂನಿಟ್ ಹಿಂಬದಿಯ ಸಜ್ಜೆಯ ಮೇಲಿತ್ತು. ಪಕ್ಕದ ಹಳೆಯ ಮನೆಯನ್ನು ಕೆಡವಿ ನಾಲ್ಕು ಮಹಡಿ ಏರಿಸುತ್ತಿದ್ದರು. ಕಾಯಿಲಿನ ಬೆನ್ನ ಮೇಲೆ ಸಿಮೆಂಟ್ ಧೂಳು, ಪಾರಿವಾಳದ ಪುಕ್ಕ ಸೇರಿ ಕಂಬಳಿ ಹೊದಿಸಿದಂತಾಗಿತ್ತು. ಮುಂದೆ ಕೈ ಹಿಡಿದರೆ ಗಾಳಿಗೆ ಬಲವೇ ಇಲ್ಲ. ಫ್ಯಾನ್ ತೂಕಡಿಸುತ್ತಾ ತಿರುಗುತ್ತಿತ್ತು. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 13 ಆಂಪಿಯರ್ ತೋರಿಸಿತು, ಯಂತ್ರದ ಫಲಕದಲ್ಲಿ ಬರೆದದ್ದು ಹತ್ತರ ಆಸುಪಾಸು. ಒತ್ತಡ ಅಳೆಯುವ ಗೇಜ್ ಹಾಕಿದೆ. ಈ ಯಂತ್ರದ ಆರ್-410ಎ ಗ್ಯಾಸಿಗೆ ಓಡುವಾಗ ಕಂಪ್ರೆಸರ್ ಹೀರುವ ಬದಿಯಲ್ಲಿ ಸುಮಾರು 120 ಪಿಎಸ್‌ಐ ನಿರೀಕ್ಷಿಸುತ್ತೇನೆ, ಇಲ್ಲಿ 155. ಗ್ಯಾಸ್ ಕಡಿಮೆಯಾಗುವುದಿರಲಿ, ಹೆಚ್ಚಾಗಿತ್ತು.

ಎಂಸಿಬಿ ಸ್ವಿಚ್ ಇಳಿಸಿ, ಫ್ಯಾನ್ ಮೋಟಾರಿಗೆ ತಿರುಗುವ ಬಲ ಕೊಡುವ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಹರಿಸಿ, ಅದನ್ನು ಅಳೆದೆ. ಮೇಲೆ ಬರೆದದ್ದು 4 ಮೈಕ್ರೋಫ್ಯಾರಡ್, ಉಳಿದಿದ್ದದ್ದು 1.8. ಇಷ್ಟು ಚಿಕ್ಕ ಬಿಡಿಭಾಗಕ್ಕಾಗಿ ಒಂದು ಕಂಪ್ರೆಸರ್ ಸಾಯುವ ಹಂತಕ್ಕೆ ಬಂದಿತ್ತು.

ಕೆಪಾಸಿಟರ್ ಬದಲಿಸುವುದು ಐದು ನಿಮಿಷದ ಕೆಲಸ. ತೊಳೆಯುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಮೋಟಾರಿಗೂ ವಿದ್ಯುತ್ ಭಾಗಕ್ಕೂ ಪ್ಲಾಸ್ಟಿಕ್ ಸುತ್ತಿ, ಸಾಧಾರಣ ಪೈಪಿನಿಂದ ಒಳಗಿನಿಂದ ಹೊರಕ್ಕೆ ನೀರು ಬಿಟ್ಟೆ. ಹೊರಗಿನಿಂದ ಬಿಟ್ಟರೆ ಕೊಳೆ ಕಾಯಿಲಿನೊಳಗೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಕಾರು ತೊಳೆಯುವ ಒತ್ತಡದ ಗನ್ನನ್ನು ನಾನು ಮುಟ್ಟುವುದಿಲ್ಲ, ಕಾಗದದಷ್ಟು ತೆಳುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಮೂರನೆಯ ಸಲಕ್ಕೆ ನೀರು ತಿಳಿಯಾಯಿತು.

ಉಳಿದದ್ದು ಗ್ಯಾಸಿನ ಲೆಕ್ಕ. ರಿಕವರಿ ಯಂತ್ರದಿಂದ ಎಲ್ಲವನ್ನೂ ಸಿಲಿಂಡರಿಗೆ ಎಳೆದು ತೂಗಿದರೆ 1.9 ಕಿಲೋ, ಫಲಕದಲ್ಲಿರುವುದು 1.5. ಹಿಂದೆ ಬಂದವರು ತೂಗದೆ ಸುರಿದಿದ್ದರು. ನೈಟ್ರೋಜನ್ ಒತ್ತಡ ಕೊಟ್ಟು ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಕೊಳವೆಯೊಳಗಿನ ಗಾಳಿ, ತೇವ ಎಳೆಯಲು ವ್ಯಾಕ್ಯೂಮ್ ಪಂಪ್ ಓಡಿಸಿ ಒತ್ತಡವನ್ನು 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಅಲ್ಲೇ ನಿಲ್ಲುತ್ತದೆಯೇ ಎಂದು ಕಾದೆ. ಆಮೇಲೆ ದ್ರವವೇ ಹೊರಬರಲೆಂದು ಹೊಸ ಗ್ಯಾಸಿನ ಸಿಲಿಂಡರನ್ನು ತಲೆಕೆಳಗಾಗಿಸಿ ತೂಕದ ಮೇಲಿಟ್ಟು 1.5 ಕಿಲೋ ತುಂಬಿದೆ. ಆರ್-410ಎ ಎರಡು ಅನಿಲಗಳ ಬೆರಕೆ. ದ್ರವರೂಪದಲ್ಲೇ ತುಂಬಿದರೆ ಆ ಬೆರಕೆಯ ಪ್ರಮಾಣ ಕೆಡುವುದಿಲ್ಲ.

ಮರುದಿನ ಮಧ್ಯಾಹ್ನ ಎರಡೂವರೆಗೆ, ಬಿಸಿಲು ನೆತ್ತಿ ಸುಡುವಾಗಲೇ ಮತ್ತೆ ಹೋದೆ. ಸಂಜೆ ಪರೀಕ್ಷಿಸಿ ಸರಿಯಿದೆ ಎನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಳಗೆ ಹೋಗುವ ಗಾಳಿ 26, ಬರುವುದು 14, ಕರೆಂಟ್ 9.6. ಆಡಿಟರ್ ಶಾಲು ಹೊದ್ದು ಕುಳಿತಿದ್ದರು. 24ಕ್ಕೆ ಏರಿಸಿ ಕೊಟ್ಟೆ. ಪಕ್ಕದ ಕಟ್ಟಡ ಮುಗಿಯುವವರೆಗೆ ತಿಂಗಳಿಗೊಮ್ಮೆ ತೊಳೆಸಿ ಎಂದೆ. ಹೊರಡುವ ಮೊದಲು ಔಟ್‌ಡೋರ್ ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಿಂದ ದಿನಾಂಕ, 1.5 ಕಿಲೋ, 4 ಮೈಕ್ರೋಫ್ಯಾರಡ್ ಎಂದು ಬರೆದೆ, ಮುಂದೆ ಯಾವ ಮೆಕ್ಯಾನಿಕ್ ಬಂದರೂ ಗೇಜ್ ತೆಗೆಯುವ ಮುನ್ನ ಅದನ್ನು ಓದಲೆಂದು.