ಸುಳ್ಯದ ರಬ್ಬರ್ ಹಾಲು, ಲಿವರ್‌ನ ಆರ್ಟರಿ: ನನ್ನ ಅನುಭವ

ಕೊನೆಗೂ ಕೆಲಸ ಆಯಿತು. ಸುಳ್ಯ ಕಡೆಯಿಂದ ತರಿಸಿದ ರಬ್ಬರ್ ಹಾಲನ್ನೇ ಕ್ಯಾಡವರ್‌ಗೆ, ಅಂದರೆ ಡಿಸೆಕ್ಷನ್‌ಗೆ ಇಟ್ಟ ಮೃತದೇಹಕ್ಕೆ ಕೊಟ್ಟು, ಲಿವರ್, ಜಠರಗಳಿಗೆ ಕವಲೊಡೆಯುವ ಸೀಲಿಯಾಕ್ ಟ್ರಂಕ್‌ನಿಂದ ಪಿತ್ತಕೋಶದ ಸಣ್ಣ ಸಿಸ್ಟಿಕ್ ಆರ್ಟರಿವರೆಗೆ ಕೆಂಪಗೆ ತುಂಬಿಸಿದ್ದೇನೆ; ಕವಲುಗಳನ್ನು ಬಿಡಿಸಿ ನೋಡಲು ಇದು. "ಅಟ್ಲಾಸ್ ಇದೆ, ಸಿಟಿ ಆಂಜಿಯೋ ಇದೆ, ಇದೆಲ್ಲ ಯಾಕೆ?" ಎಂದವರೇ ಈಗ ತಮ್ಮ ಸರ್ಜರಿ ಪಿಜಿಗಳನ್ನು (ಸ್ನಾತಕೋತ್ತರ ವಿದ್ಯಾರ್ಥಿಗಳನ್ನು) ನಮ್ಮ ಡಿಸೆಕ್ಷನ್ ಹಾಲ್‌ಗೆ ಕಳಿಸುತ್ತಿದ್ದಾರೆ.

ನಾಳಗಳಿಗೆ ತುಂಬುವ, ಬಣ್ಣ ಹಾಕಿದ ರೆಡಿ ಲೇಟೆಕ್ಸ್‌ಗೆ (ಸಂಸ್ಕರಿಸಿದ ರಬ್ಬರ್ ಹಾಲಿಗೆ) ಬಂದ ಕೊಟೇಶನ್ ಲೀಟರಿಗೆ 6,000 ರೂಪಾಯಿ ಹತ್ತಿರ. ಅಷ್ಟು ಯಾರು ಕೊಡುತ್ತಾರೆ? ಮೊದಲು ಸ್ಟಾರ್ಚ್‌ಗೆ ಪೋಸ್ಟರ್ ಕಲರ್ ಬೆರೆಸಿದೆವು. ಆರ್ಟರಿಗೆ ಕತ್ತರಿ ತಾಗಿದರೆ ಸಾಕು, ಪುಡಿಯೆಲ್ಲ ಹೊರಗೆ. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲಂಟ್ ತೆಳ್ಳಗೆ ಮಾಡಿ ನೋಡಿದೆವು. ದೊಡ್ಡ ನಾಳ ತುಂಬಿತು, ಸಿಸ್ಟಿಕ್‌ವರೆಗೆ ಹೋಗಲೇ ಇಲ್ಲ. ಈ ಎರಡಕ್ಕೇ ನಾಲ್ಕೈದು ಸಾವಿರ ಹೋಯಿತು.

ರಬ್ಬರ್ ಹಾಲು ಗಟ್ಟಿಯಾಗದಂತೆ ಅಮೋನಿಯಾ ಹಾಕಿದ್ದೇ ಸಿಗುತ್ತದೆ, ನಮಗೆ ಲೀಟರಿಗೆ 200 ಚಿಲ್ಲರೆಗೆ ಸಿಕ್ಕಿತು. ಆದರೆ ಮೊದಲ ಸಲ ಅಯೋರ್ಟಾದಲ್ಲೇ (ದೇಹದ ಮುಖ್ಯ ಆರ್ಟರಿಯಲ್ಲೇ) ಒಡೆದ ಹಾಲಿನ ಹಾಗೆ ಗಂಟು ಕಟ್ಟಿತು. ಕಾರಣ ಹೇಳಿದ್ದು ಹಾಲು ಕೊಟ್ಟ ತೋಟದವರೇ. ಹಾಲನ್ನು ಗಟ್ಟಿ ಮಾಡಿ ಶೀಟ್ ಮಾಡಲು ಅವರು ಹಾಕುವುದು ಫಾರ್ಮಿಕ್ ಆಸಿಡ್. ದೇಹ ಕೆಡದಂತೆ ಹಾಕುವ ಫಾರ್ಮಲಿನ್ ಹಳೆಯದಾದರೆ ಅದರಲ್ಲೂ ಅದೇ ಇರುತ್ತದೆ ಅಲ್ವಾ! ಅಲ್ಲಿಂದ ಮುಂದೆ ಮೊದಲು ನೀರು, ನಂತರ ತೆಳು ಅಮೋನಿಯಾ ನೀರಿನಲ್ಲಿ ನಾಳಗಳನ್ನು ತೊಳೆದೇ ಹಾಲು ಕೊಡುತ್ತೇವೆ. ಬಣ್ಣಕ್ಕೆ ಪೇಂಟ್ ಅಂಗಡಿಯ ಸ್ಟೇನರ್ (ಪೇಂಟ್‌ಗೆ ಬೆರೆಸುವ ಬಣ್ಣ) ಸಾಕು. ಅದರ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಪೇಪರ್ ಬರೆಯುವುದಿದೆ, ಹೆಸರು ಈಗ ಬೇಡ.

ಹಾಲು ಕೊಡಲು ಡಯಾಫ್ರಮ್ ಮೇಲೆ ಅಯೋರ್ಟಾಕ್ಕೆ ಕ್ಯಾನುಲಾ (ಕೊಳವೆ) ಹಾಕಿ, ಕಾಲಿನ ಕಡೆ ಹೋಗುವ ಇಲಿಯಾಕ್ ಮತ್ತು ಕಿಡ್ನಿಯ ರೀನಲ್ ಆರ್ಟರಿಗಳನ್ನು ಕಟ್ಟಿ. ರೀನಲ್ ಬಿಟ್ಟರೆ ಕಿಡ್ನಿಗಳು ಸುಮ್ನೆ ಹಾಲು ಎಳೆದುಕೊಳ್ಳುತ್ತವೆ. ಒಂದೇ ಕಡೆ ಎರಡು ರೀನಲ್ ಇರುವುದೂ ಉಂಟು, ಹುಡುಕಿ ಕಟ್ಟಬೇಕು.

ಇದುವರೆಗೆ ಇಪ್ಪತ್ತೈದೋ ಮೂವತ್ತೋ ದೇಹ ಆಗಿರಬೇಕು. ಏಳೆಂಟರಲ್ಲಿ ಲಿವರ್‌ಗೆ ಹೋಗುವ ಆರ್ಟರಿ ಪುಸ್ತಕದ ಹಾಗಿರಲಿಲ್ಲ. ಅನಾಟಮಿ ತಜ್ಞ ಮೈಕೆಲ್ಸ್ 200 ದೇಹ ನೋಡಿ ಲಿವರ್‌ನ ಆರ್ಟರಿಯನ್ನು ಹತ್ತು ಬಗೆ ಮಾಡಿದ್ದು ಸುಮ್ನೆ ಅಲ್ಲ. ನಮ್ಮಲ್ಲಿ ಜಾಸ್ತಿ ಸಿಕ್ಕಿದ್ದು ಕರುಳಿಗೆ ಹೋಗುವ ಸುಪೀರಿಯರ್ ಮೆಸೆಂಟೆರಿಕ್ ಆರ್ಟರಿಯಿಂದ ಹೊರಟ ರೈಟ್ ಹೆಪಾಟಿಕ್ (ಬಲ ಲಿವರ್‌ನ ಆರ್ಟರಿ). ಪ್ಯಾಂಕ್ರಿಯಾಸ್ ತಲೆಯ ಹಿಂದೆ, ಕರುಳಿನಿಂದ ಲಿವರ್‌ಗೆ ಬರುವ ಪೋರ್ಟಲ್ ವೇನ್‌ನ ಹಿಂದೆ ಹಾದು ಮೇಲೇರುತ್ತದೆ. ವಿಪ್ಪಲ್‌ನಲ್ಲಿ (ಪ್ಯಾಂಕ್ರಿಯಾಸ್ ತಲೆ ತೆಗೆಯುವ ಆಪರೇಷನ್‌ನಲ್ಲಿ) ಇದನ್ನು ಕತ್ತರಿಸಿದರೆ ಲಿವರ್‌ನ ಬಲಭಾಗಕ್ಕೂ ಕರುಳಿಗೆ ಹೊಲಿದ ಬೈಲ್ ಡಕ್ಟ್‌ಗೂ (ಪಿತ್ತನಾಳಕ್ಕೂ) ರಕ್ತ ಕಡಿಮೆ. ಸಿಟಿಯಲ್ಲಿ ಇದು ಕಾಣುತ್ತದೆ, ಒಪ್ಪುತ್ತೇನೆ. ಆದರೆ ಪೋರ್ಟಲ್ ವೇನ್ ಹಿಂದೆ ಬೆರಳು ಹಾಕಿ ಹುಡುಕುವ ಅಭ್ಯಾಸ ದೇಹದ ಮೇಲೆಯೇ ಆಗಬೇಕು. ಗ್ಯಾಸ್ಟ್ರೆಕ್ಟಮಿ (ಜಠರ ತೆಗೆಯುವ ಆಪರೇಷನ್) ಮಾಡುವವರು ಜಠರದ ಲೆಫ್ಟ್ ಗ್ಯಾಸ್ಟ್ರಿಕ್ ಆರ್ಟರಿಯನ್ನು ಬುಡದಲ್ಲಿ ಕಟ್ಟುವ ಮೊದಲು ಲೆಸರ್ ಒಮೆಂಟಮ್‌ನ (ಜಠರ, ಲಿವರ್ ನಡುವಿನ ಪೊರೆಯ) ಮೇಲ್ಭಾಗ ನೋಡಿಕೊಳ್ಳಲಿ. ಎಡ ಲಿವರ್‌ನ ಆರ್ಟರಿ ಲೆಫ್ಟ್ ಗ್ಯಾಸ್ಟ್ರಿಕ್‌ನಿಂದಲೇ ಹೊರಟು ಅಲ್ಲಿ ಹೋಗುವುದನ್ನೂ ಕಂಡಿದ್ದೇವೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸೀಲಿಯಾಕ್‌ಗೆ ಕೆಂಪು, ಮೆಸೆಂಟೆರಿಕ್‌ಗೆ ಹಳದಿ. ಪ್ಯಾಂಕ್ರಿಯಾಸ್ ತಲೆಯ ಸುತ್ತಿನ ಕವಲುಗಳಲ್ಲಿ ಎರಡೂ ಬೆರೆತು ಕಿತ್ತಳೆಯಾಯಿತು. ಸೀಲಿಯಾಕ್ ಕಿರಿದಾದವರಲ್ಲಿ ಲಿವರ್‌ಗೆ ರಕ್ತ ಬರುವುದು ಈ ಹಿಂಬಾಗಿಲಿನಿಂದ, ಗ್ಯಾಸ್ಟ್ರೋಡುಯೋಡಿನಲ್ ಆರ್ಟರಿಯ ಮೂಲಕ. ವಿಪ್ಪಲ್‌ನಲ್ಲಿ ಈ ಆರ್ಟರಿಯನ್ನು ಕಟ್ಟುವ ಮೊದಲು ಕ್ಲ್ಯಾಂಪ್ ಹಾಕಿ ಹೆಪಾಟಿಕ್‌ನ ಮಿಡಿತ ಮುಟ್ಟಿ ನೋಡಿ ಎಂದು ಪಿಜಿಗಳಿಗೆ ಹೇಳುವಾಗ ಈಗ ಆ ದೇಹವನ್ನೇ ತೋರಿಸುತ್ತೇನೆ.